ವಾದಿರಾಜರ ಮುಖ ಒಪ್ಪದ ಹಾಜರಿ ಯಂತ್ರಕ್ಕೆ

ಚಾಮರಾಜಪೇಟೆಯ ನಮ್ಮ ಮುದ್ರಣಾಲಯದ ಬಾಗಿಲಲ್ಲಿದ್ದುಕೊಂಡು, ಮುಖ ನೋಡಿ ಹಾಜರಿ ಹಾಕಿಕೊಳ್ಳುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಪ್ರೂಫ್ ನೋಡುವ ಮೇಜಿನಿಂದ ಏಳಲು ಬಿಡುವಿಲ್ಲದ ಕಾರಣ ಕೂತಲ್ಲಿಂದಲೇ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮ ತಪಾಸಣೆಗೆ ತಿಂಗಳಿಗೊಮ್ಮೆ ಜನ ಬರುತ್ತಾರೆ, ನಮಗೆ ಆ ಭಾಗ್ಯವಿಲ್ಲ.

ದೂರಿಗೆ ಮೊದಲು ಹೊಗಳಿಕೆ ಸಲ್ಲಬೇಕು. ಶಾಲೆ ತೆರೆಯುವಷ್ಟರಲ್ಲಿ ಪಠ್ಯಪುಸ್ತಕ ಮುಗಿಯಬೇಕೆಂದು ನಮ್ಮ ಪುಟವಿನ್ಯಾಸದ ವಾದಿರಾಜರು ದಿನಕ್ಕೆ ಹದಿನಾಲ್ಕು ಗಂಟೆಯಂತೆ, ಭಾನುವಾರವನ್ನೂ ಬಿಡದೆ ನಲವತ್ತು ದಿನ ದುಡಿದರು. ಕೆನ್ನೆ ಇಳಿದಿತ್ತು, ಕಳೆ ಅಳಿದಿತ್ತು. ಪಕ್ಕದಲ್ಲೇ ಕೂತು ಅವರ ಡಬ್ಬಿಯ ಅವಲಕ್ಕಿಗೆ ಕೈ ಹಾಕುತ್ತಿದ್ದ ನನಗೇ ಅದು ಕಾಣಲಿಲ್ಲ. ತಾವು ಮಾತ್ರ ಒಂದು ಸೋಮವಾರ ಮೂರು ಸಲ ದಿಟ್ಟಿಸಿ, ಈ ಮುಖ ನಮ್ಮಲ್ಲಿಲ್ಲವೆಂದು ಕೆಂಪು ದೀಪ ಹೊತ್ತಿಸಿದಿರಿ. ಇಡೀ ಕಚೇರಿಯಲ್ಲಿ ಅವರ ಆರೋಗ್ಯ ವಿಚಾರಿಸಿದವರು ತಾವೊಬ್ಬರೇ.

ಆಮೇಲೆ ತೋರಿದ ದಾಕ್ಷಿಣ್ಯದ್ದೇ ನನ್ನ ದೂರು. ಮ್ಯಾನೇಜರ್ ಶಶಿಕಿರಣ್ ಅವರು ಬಂದು, "ಮೆಷಿನ್‌ಗೆ ಏನೋ ಕನ್‌ಫ್ಯೂಸ್ ಆಗಿದೆ ವಾದಿರಾಜ್ ಅವ್ರೇ, ಹಳೇ ಮುಖ ತೆಗ್ದು ಇದನ್ನೇ ಹಾಕ್ಬಿಡೋಣ" ಎಂದರೆ, ತಾವು ಚಕಾರವೆತ್ತದೆ ಆ ಬತ್ತಿದ ಮುಖವನ್ನು ಸ್ವೀಕರಿಸಿ ಹಸಿರು ದೀಪ ಬೆಳಗಿದಿರಿ. ಗುರುವಾರ ಅದೇ ಮುಖ ಕೀಬೋರ್ಡಿನ ಮೇಲೆ ಕುಸಿಯಿತು. ಹೃದಯಾಘಾತ. ಅರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಸ್ಟ್ರೆಚರಿನಲ್ಲಿ ಹೋದವರು ತಮಗೆ ಮುಖ ತೋರಿಸದೆ ಹೋದದ್ದರಿಂದ, ತಮ್ಮ ದಾಖಲೆಯ ಪ್ರಕಾರ ಅವರು ಅಂದು ಹೊರಗೆ ಹೋಗಲೇ ಇಲ್ಲ, ಕೆಲಸದಲ್ಲೇ ಇದ್ದರು.

ಆದಕಾರಣ ಬಿನ್ನಹ: ಇನ್ನು ಯಾರಾದರೂ ಸೋತ ಮುಖ ಹೊತ್ತು ಬಂದರೆ, ಯಾರು ಏನೇ ಹೇಳಿದರೂ ತಾವು ಕೆಂಪು ದೀಪ ಆರಿಸಬಾರದು. ಸಾಧ್ಯವಾದರೆ ಗೋಡೆಯಿಂದಿಳಿದು, ಒಂದು ಲೋಟ ಮಜ್ಜಿಗೆ ಕುಡಿಸಿ, ಮನೆ ತನಕ ಬಿಟ್ಟುಬರಬೇಕು. ವಾದಿರಾಜರಾದರೆ ಓಕಳಿಪುರಂ, ಅವರ ಪತ್ನಿ ಪ್ರಿಯಂವದಾ ಅವರ ಕೈಗೇ ಒಪ್ಪಿಸಿ, ತಲುಪಿದ್ದಕ್ಕೆ ಹಾಜರಿ ಹಾಕಿಕೊಳ್ಳಬೇಕು.

ತಮ್ಮ ವಿಶ್ವಾಸಿ,
ಸದ್ಯಕ್ಕೆ ತಮಗೆ ಗುರುತು ಸಿಗುತ್ತಿರುವ
ವೆಂಕಟಾಚಲ

ತಾ.ಕ.: ಎರಡು ತಿಂಗಳ ವಿಶ್ರಾಂತಿಯಲ್ಲಿ ಕೆನ್ನೆ ತುಂಬಿಕೊಂಡು ವಾದಿರಾಜರು ನಿನ್ನೆ ಕೆಲಸಕ್ಕೆ ಬಂದರು. ತಾವು ಮತ್ತೆ ಕೆಂಪಾದಿರಿ. ಈ ಮುಖವನ್ನೇ ಹೊಸದಾಗಿ ಹಾಕೋಣವೇ ಎಂದು ಕೇಳಿದೆ. ಶಶಿಕಿರಣ್ ಅವರು ನಗುತ್ತಾ, "ಬೇಡ ಬಿಡಿ ಸಾರ್, ಇನ್ನೆರಡು ವಾರ ಕೆಲಸ ಮಾಡ್ಲಿ, ತಾನಾಗೇ ಮ್ಯಾಚ್ ಆಗತ್ತೆ" ಎಂದರು.