ಸೋಫಾದ ಮೇಲೆ ಕೂತ ಸಬ್ ವೂಫರ್

ಬೇರೆ ಮನೆಗಳಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಗಂಡನ ಮುಖ ಸಪ್ಪಗಾಗುತ್ತದೆ. ನಮ್ಮಲ್ಲಿ ಹಾಡಿಗೆ ಬೇಸ್ ಹೆಚ್ಚಾದರೆ. ಬೇಸ್ ಎಂದರೆ ಹಾಡಿನ ತಳದಲ್ಲಿ, ಕಿವಿಗಿಂತ ಮೊದಲು ಎದೆಗೆ ತಾಗುವ ಆ ದಪ್ಪ ನಾದ. ಅದು ಆಳವಾಗಿರಬೇಕು, ಬಲವಾಗಿರಬೇಕು, ಆದರೆ ಬಿಗಿಯಾಗಿಯೂ ಇರಬೇಕು. ಅಂದರೆ ಬಂದು, ಹೇಳುವುದನ್ನು ಹೇಳಿ, ತಕ್ಷಣ ಹೊರಟುಬಿಡಬೇಕು. ನನಗೆ ನೆಂಟರೂ ಹಾಗಿದ್ದರೇ ಇಷ್ಟ. ಕೋಣೆ ಸರಿಯಿಲ್ಲದಿದ್ದರೆ ಬೇಸು, ಚಪ್ಪಲಿ ಮೆಟ್ಟಿಕೊಂಡ ಮೇಲೂ ಬಾಗಿಲಲ್ಲಿ ನಿಂತು ಮಾತು ಮುಂದುವರಿಸುವವರ ಹಾಗೆ, ಗುಂಯ್‌ಗುಡುತ್ತಲೇ ಇರುತ್ತದೆ.

ಇದನ್ನೆಲ್ಲ ಕಲಿತದ್ದು ನನ್ನ ಗಂಡ ಪ್ರಶಾಂತನಿಂದ. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ನಮ್ಮದು ಇಕ್ಕಟ್ಟಾದ ಬಾಡಿಗೆ ಮನೆ. ನೆಲಕ್ಕೆ ಹಳೆಯ ದಪ್ಪ ಕಾರ್ಪೆಟ್. ಸಬ್ ವೂಫರ್, ಅಂದರೆ ಬೇಸ್ ನುಡಿಸುವ ಕಪ್ಪು ಪೆಟ್ಟಿಗೆಯನ್ನು, ಜಾಗವಿದ್ದಲ್ಲಿ ತುರುಕಿದ್ದೆವು. ಅದೃಷ್ಟಕ್ಕೆ ಅದೇ ಸರಿಯಾದ ಜಾಗವಾಗಿತ್ತು. ಶನಿವಾರ ಸಂಜೆ ಅವನ ಗೆಳೆಯರು ಕ್ರಿಕೆಟ್ ಮುಗಿಸಿ ಬಂದು, ಸಾಲಾಗಿ ಕೂತು ಹಾಡು ಕೇಳುತ್ತಿದ್ದರು. ಆಮೇಲೆ ನನಗೆ ಸಿಡ್ನಿಯಲ್ಲಿ ಬಡ್ತಿ ಸಿಕ್ಕಿತು. “ಹೋಗೋಣ, ಅದಕ್ಕೇನಂತೆ” ಎಂದ ಪ್ರಶಾಂತ. ಅಲ್ಲಿನ ಕೆಲ್ಲಿವಿಲ್‌ಗೆ ಬಂದ ಮೇಲೆ ಗೆಳೆಯರ ಬಗ್ಗೆಯಾಗಲಿ, ಶನಿವಾರಗಳ ಬಗ್ಗೆಯಾಗಲಿ ಅವನು ಒಂದು ಮಾತೂ ಆಡಲಿಲ್ಲ. ಬೇಸ್ ಬಗ್ಗೆ ಮಾತ್ರ ದಿನವೂ ಆಡಿದ.

“ಇಲ್ಲಿ ಬರೀ ಗುಂಯ್ ಅಂತಿದೆ ಕಣೇ. ಕ್ರಾನ್‌ಬರ್ನ್‌ನಲ್ಲಿ ಹಿಂಗಿರ್ಲಿಲ್ಲ.”

“ನಿನಗೆ ಇಲ್ಲಿ ಬೇಜಾರಾ?” ಎಂದು ನಾನು ಕೇಳಿಬಿಡಬಹುದಿತ್ತು. ಅವನು ಹೌದೆಂದರೆ ಮುಂದೇನು ಮಾಡುವುದೆಂದು ಗೊತ್ತಿರಲಿಲ್ಲ. ಆದ್ದರಿಂದ ಬೇಸನ್ನೇ ಸರಿ ಮಾಡಲು ಹೊರಟೆ. ಟೈಲ್ಸ್ ನೆಲದ ಮೇಲೆ ರಗ್ ಹಾಸಿದೆ, ದಪ್ಪ ಪರದೆ ಹಾಕಿದೆ. ಕೊನೆಗೆ, ಬಲ್ಲವರು ಮಾಡುವ ಒಂದು ಉಪಾಯ ಓದಿದೆ: ನಾವು ಕೂರುವ ಸೋಫಾದ ಮೇಲೆ ಪೆಟ್ಟಿಗೆಯನ್ನು ಕೂರಿಸಿ, ಹಾಡು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಹೋಗಬೇಕು. ಎಲ್ಲಿ ಬೇಸ್ ಬಿಗಿಯಾಗಿ ಕೇಳಿಸುತ್ತದೋ ಅಲ್ಲಿ ಪೆಟ್ಟಿಗೆ ಇಡಬೇಕು.

ಪ್ರಶಾಂತ ತರಕಾರಿಗೆ ಹೋದಾಗ ಶುರುಮಾಡಿದೆ. ಅರ್ಧ ಗೋಡೆ ದಾಟುವಷ್ಟರಲ್ಲಿ, ಚಟ್ನಿಪುಡಿಯ ಡಬ್ಬಿ ವಾಪಸು ಕೊಡಲು ಪಕ್ಕದ ಮನೆಯ ಸುಮಾ ಆಂಟಿ ಹಿತ್ತಿಲ ಬಾಗಿಲಿನಿಂದ ಬಂದರು.

“ಅಯ್ಯೋ, ಓಲೆ ತಿರುಪು ಬಿತ್ತೇನಮ್ಮಾ?”

ಇಲ್ಲ, ಬೇಸ್ ಹುಡುಕುತ್ತಿದ್ದೇನೆ ಎಂದು ಹೇಳುವುದು ಹೇಗೆ? “ಹೂಂ ಆಂಟಿ” ಎಂದು ಕೂದಲು ಬಿಚ್ಚಿ ಎರಡೂ ಕಿವಿ ಮುಚ್ಚಿಕೊಂಡೆ.

“ಚಿನ್ನದ್ದಾ?” ಎಂದವರೇ ವೇಲನ್ನು ಸೊಂಟಕ್ಕೆ ಬಿಗಿದು ಅವರೂ ನೆಲಕ್ಕಿಳಿದರು. ಎಡಗೋಡೆ ನನ್ನದು, ಬಲಗೋಡೆ ಅವರದು. “ಎಂಥಾ ಹಾಡಮ್ಮಾ ಇದು, ಹೊಟ್ಟೆಯೊಳಗೆಲ್ಲ ಗುದ್ದತ್ತೆ” ಎನ್ನುತ್ತ ಸಾಗಿದ ಆಂಟಿ ಮೆಟ್ಟಿಲ ಪಕ್ಕ ಥಟ್ಟನೆ ನಿಂತರು. “ಇಲ್ಲಿ ಪರವಾಗಿಲ್ಲ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬೀಳ್ತಿದೆ.”

ಅಂಬೆಗಾಲಿನಲ್ಲೇ ಧಾವಿಸಿದೆ. ನಿಜ! “ಸಿಕ್ತು ಆಂಟಿ!” ಎಂದು ಕೂಗಿದೆ.

“ಸದ್ಯ, ಗಂಡ ಬರೋ ಮುಂಚೆ ಸಿಕ್ತಲ್ಲ” ಎಂದು ಅವರು ಕೈ ಮುಗಿದರು.

ಅವರು ಹೋದ ಮೇಲೆ ಪೆಟ್ಟಿಗೆಯನ್ನು ಸೋಫಾದಿಂದ ಇಳಿಸಿ ಮೆಟ್ಟಿಲ ಪಕ್ಕ ಇಟ್ಟೆ. ಪ್ರಶಾಂತ ಬಂದು, ಕಣ್ಣು ಮುಚ್ಚಿ ಒಂದಿಡೀ ಹಾಡು ಕೇಳಿದ. “ಪರ್ಫೆಕ್ಟ್. ಕ್ರಾನ್‌ಬರ್ನ್‌ಗಿಂತ ಚೆನ್ನಾಗಿದೆ” ಎಂದ. ಆಮೇಲೆ ರಿಮೋಟ್ ಕೆಳಗಿಟ್ಟು, ತರಕಾರಿ ಚೀಲ ಹಿಡಿದು ಅಡುಗೆಮನೆಗೆ ಹೋದ. ಆ ವಾರವಿಡೀ ಕ್ರಾನ್‌ಬರ್ನ್ ಎಂಬ ಹೆಸರು ನಮ್ಮ ಮನೆಯಲ್ಲಿ ಕೇಳಿಸಲಿಲ್ಲ. ಊರನ್ನು ಬಿಡಿಸಿದ್ದು ಸಾಲದೆಂದು, ಅದನ್ನು ನೆನೆಯಲು ಅವನಿಗಿದ್ದ ಒಂದೇ ನೆಪವನ್ನೂ ನಾನು ಕಿತ್ತುಕೊಂಡಿದ್ದೆ.

ಈಗಲಾದರೂ ನೇರವಾಗಿ ಕೇಳಬಹುದಿತ್ತು. ಶನಿವಾರ ಅವನು ಸ್ನಾನಕ್ಕೆ ಹೋದಾಗ ನಾನು ಮಾಡಿದ್ದು ಬೇರೆ: ಪೆಟ್ಟಿಗೆಯನ್ನು ಕಾಲಿನಿಂದ ಮೆಲ್ಲಗೆ ಮೂಲೆಗೆ ತಳ್ಳಿದೆ.

“ಏ, ಮತ್ತೆ ಗುಂಯ್ ಅಂತಿದೆ ಕಣೇ!” ಎಂದ, ತಲೆ ಒರೆಸಿಕೊಳ್ಳುತ್ತ. ಎಷ್ಟೋ ದಿನಗಳ ಮೇಲೆ ದನಿಯಲ್ಲಿ ಜೀವವಿತ್ತು. “ಕ್ರಾನ್‌ಬರ್ನ್‌ನಲ್ಲಿ...”

ನಾನು ಕಾಫಿ ಹಿಡಿದು ಎದುರು ಕೂತೆ. “ಅಲ್ಲಿ ಹೇಗಿತ್ತು, ಹೇಳು” ಎಂದೆ, ಬೇಸ್ ಬಗ್ಗೆ ಕೇಳುವವಳ ಹಾಗೆ.