ನವೀಕರಿಸಿ ಕೊಡಬೇಕಾಗಿ ವಿನಂತಿ

ನವೀಕರಿಸು ಅಂದರೆ ಹೊಸದು ಮಾಡು ಅಂತ ನಿಘಂಟಿನಲ್ಲಿ ಐತೆ. ಅದನ್ನು ಬರೆದವರು ದಾವಣಗೆರೆಯ ಡಿಸಿ ಕಚೇರಿ ಮುಂದೆ ಒಂದು ದಿನವೂ ಕೂತಿರಲಿಕ್ಕಿಲ್ಲ. ನಾನು ಅಲ್ಲೇ ಮೇಜು ಹಾಕಿಕೊಂಡು ಲೈಸೆನ್ಸ್ ಅರ್ಜಿ ತುಂಬಿಕೊಡುವವನು. ಇಲ್ಲಿ ಅದರರ್ಥ, ಹಳೇದನ್ನ ಹಂಗೇ ಇಟ್ಟುಕೊಳ್ಳಲು ಸರ್ಕಾರದ ಅಪ್ಪಣೆ ಕೇಳು. ಕೇಳೋ ಥರ ಮಾತ್ರ ದಿನಕ್ಕೊಂದು.

೧. ಕೊನೇ ದಿನ

ಮಂಡಿಪೇಟೆಯ ಸಾಹುಕಾರರೊಬ್ಬರು ಅಂಗಡಿ ಲೈಸೆನ್ಸಿಗೆ ಕೊನೇ ದಿನ ಬಂದರು. ಆನ್‌ಲೈನ್ ಅರ್ಜಿ ತುಂಬಿ ಆಯ್ತು, ಬಟನ್ ಒತ್ತೋದೊಂದು ಬಾಕಿ. ರಾಹುಕಾಲ ಮುಗೀಲಿ ಅಂದರು. ಒಂದೂವರೆ ತಾಸು ಕೂತೆವು. ಆಮೇಲೆ ಒತ್ತಿದರೆ ಸರ್ವರ್ ಡೌನ್. ಇದನ್ನೂ ಪಂಚಾಂಗದಾಗೆ ಯಾಕ ಹಾಕಲ್ಲ ಅಂತ ನನ್ನನ್ನೇ ಬೈದರು.

೨. ಹಿಂದಿನ ಸೀಟು

ಹರಿಹರದ ಆಟೋ ಚಾಲಕರೊಬ್ಬರು ತಮ್ಮದೇ ಆಟೋದ ಹಿಂದಿನ ಸೀಟಿನಲ್ಲಿ ಕೂತು ಬಂದರು. ಲೈಸೆನ್ಸ್ ಅವಧಿ ಮುಗಿದೈತೆ, ಓಡಿಸೋದು ತಪ್ಪು, ಅದಕ್ಕೇ ಭಾಮೈದನ ಕೈಗೆ ಕೊಟ್ಟೆ ಅಂದರು. ಭಾಮೈದನದು ಯಾವತ್ತು ಮುಗಿಯುತ್ತೆ ಅಂತ ಕೇಳಿದೆ.

"ಅವಂದು ಮುಗಿಯಲ್ಲ ಬಿಡ್ರಿ, ಮಾಡಿಸೇ ಇಲ್ಲ."

೩. ಬಂದೂಕಿನ ನಂಬರು

ಸಾರಥಿ ಅನ್ನೋ ಊರಿನ ಹಿರಿಯರೊಬ್ಬರದು ಅಪ್ಪನ ಕಾಲದ ಬಂದೂಕು. ಲೈಸೆನ್ಸ್ ನವೀಕರಿಸಲು ಅದನ್ನು ಠಾಣೆಯಲ್ಲಿ ತೋರಿಸಿ, ನಂಬರು ತಾಳೆ ನೋಡಿಸಬೇಕು. ತಾಳೆಯಾಗದಿದ್ದರೆ ಬಂದೂಕು ಠಾಣೆಯಲ್ಲೇ. ಅಪ್ಪನ ಬಂದೂಕು ಹೋದರೆ ಊರಾಗೆ ಮುಖ ಎತ್ತೋದು ಹೆಂಗೆ ಅಂತ ಹೆದರಿ, ನನ್ನನ್ನೂ ಕರೆದೊಯ್ದರು.

ನಂಬರೇ ಕಾಣಲೊಲ್ಲದು. ವರ್ಷಾ ವರ್ಷಾ ಆಯುಧಪೂಜೆಗೆ ಬಳಿದ ವಿಭೂತಿ, ಕುಂಕುಮ, ಎಣ್ಣೆ ಸೇರಿ ಗಾರೆಯಾಗಿತ್ತು. ಹಿಂದಿನ ಸಾಹೇಬರೆಲ್ಲ ಕೈ ಮುಗಿದು ಸಹಿ ಹಾಕಿದ್ದರಂತೆ. ಈ ಸಾಹೇಬರು ಸೀಮೆಎಣ್ಣೆ ತರಿಸಿದರು. ಹಿರಿಯರು ಕಾಲು ತೊಳೆದು ಬಂದು, ತಾವೇ ಉಜ್ಜಿದರು.

ನಂಬರು ಬಂತು. ಲೈಸೆನ್ಸಿನಲ್ಲಿದ್ದ ನಂಬರಲ್ಲ. ಹಿರಿಯರು ಬೆಂಚಿನ ಮೇಲೆ ಕುಸಿದರು. ನನಗೂ ಪಾಪ ಅನ್ನಿಸಿತು.

ಆಮೇಲೆ ಅವರಿಗೇ ಹೊಳೆಯಿತು. ಚಿಕ್ಕಪ್ಪನ ಮಗನ ಮನೆಯಲ್ಲೂ ಅಂಥದ್ದೇ ಬಂದೂಕು. ಮನೆ ಪಾಲಾದ ವರ್ಷ ಎರಡನ್ನೂ ಒಂದೇ ಮಣೆ ಮೇಲಿಟ್ಟು ಪೂಜೆ ಮಾಡಿದ್ದರು. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಸಾಹೇಬರು ಅವರನ್ನೂ ಬಂದೂಕಿನ ಸಮೇತ ಕರೆಸಿ ಉಜ್ಜಿಸಿದರು. ಹಿರಿಯರ ಲೈಸೆನ್ಸಿನ ನಂಬರು ಅದರ ಮೇಲಿತ್ತು.

ಅದಲುಬದಲು ಮಾಡಿಕೊಂಡು ಹೋಗ್ರಿ, ಇಬ್ಬರದೂ ನವೀಕರಣಕ್ಕೆ ಬರೆದುಕೊಡ್ತೀನಿ ಅಂದರು ಸಾಹೇಬರು. ಹಿರಿಯರು ಅಪ್ಪನ ಬಂದೂಕನ್ನು ಎದೆಗೊತ್ತಿಕೊಂಡರು, ಕಣ್ಣಲ್ಲಿ ನೀರು. ಆದರೆ ಜಾಗ ಬಿಟ್ಟು ಏಳಲಿಲ್ಲ.

"ಇನ್ನೇನು ಗೌಡ್ರೆ?" ಅಂದರು ಸಾಹೇಬರು.

"ಇನ್ನೊಂದು ಅರ್ಜಿ ತಗಳ್ರಿ ಸಾಹೇಬ್ರೆ. ಇಷ್ಟು ವರ್ಷ ಇವನ ಬಂದೂಕಿಗೆ ನಾನು ಹೋಳಿಗೆ ಎಡೆ ಹಿಡಿದೀನಿ. ಇವ ನಮ್ಮಪ್ಪನ ಬಂದೂಕಿಗೆ ಬರೀ ಮಂಡಕ್ಕಿ ಇಟ್ಟಾನ."