ಬಾಳೆಯೆಲೆಯ ಮೇಲೆ ಚೀನಾ

"ಚೀನಾ ಅಂದ್ರೆ ಏನ್ ಮಹಾ? ಒಂದು ವಾರ ಕೊಡಿ. ಬಾಯಿಪಾಠ ಮಾಡಿ ಬಿಸಾಕ್ತೀನಿ."

ಬಾಗೂರಿನ ಕಾಂತರಾಜು ಹೀಗೆ ಘೋಷಣೆ ಹೊರಡಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಮನೆಯ ಹಜಾರದಲ್ಲಿ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಎದುರಿಗಿದ್ದ ಜನಸ್ತೋಮ ಒಟ್ಟು ಇಬ್ಬರು: ಹೆಂಡತಿ ದೀಪಶ್ರೀ, ಒಂಬತ್ತನೇ ಕ್ಲಾಸಿನ ಮಗಳು ನಿಸರ್ಗ. ಚಪ್ಪಾಳೆ ಬೀಳಲಿಲ್ಲ. ದೀಪಶ್ರೀ ಮಾತ್ರ, ಮೊದಲು ಬಾಯಿ ಮುಕ್ಕಳಿಸಿ ಬನ್ನಿ, ಚೀನಾ ಎಲ್ಲೂ ಓಡಿಹೋಗಲ್ಲ ಎಂದಳು.

ಈ ವೀರಾವೇಶಕ್ಕೊಂದು ಕಾರಣವಿತ್ತು. ನಿಸರ್ಗ ಓದುವ ಚನ್ನರಾಯಪಟ್ಟಣದ ಶಾಲೆಯಲ್ಲಿ ವರ್ಷಕ್ಕೊಮ್ಮೆ ಜೋಡಿ ರಸಪ್ರಶ್ನೆ ನಡೆಯುತ್ತದೆ. ಮಗುವಿನ ಜೊತೆ ಅಪ್ಪನೋ ಅಮ್ಮನೋ ಒಬ್ಬರು ವೇದಿಕೆ ಹತ್ತಬೇಕು. ಹೋದ ವರ್ಷ ಹತ್ತಿದ್ದು ಕಾಂತರಾಜು. ಪ್ರಪಂಚದಲ್ಲಿ ಎಲ್ಲಕ್ಕಿಂತ ದೊಡ್ಡ ಸಾಗರ ಯಾವುದು ಎಂದು ಕೇಳಿದರು. ನಿಸರ್ಗ ಬಾಯಿ ತೆರೆಯುವಷ್ಟರಲ್ಲಿ ಈ ಮಹಾಶಯ ಮೈಕನ್ನು ತನ್ನ ಕಡೆ ಎಳೆದುಕೊಂಡು, "ಹಿಂದೂ ಮಹಾಸಾಗರ. ನಮ್ದೇ" ಎಂದುಬಿಟ್ಟ. ತಪ್ಪು ಉತ್ತರ ಯಾರು ಬೇಕಾದರೂ ಹೇಳಬಹುದು. ಆ 'ನಮ್ದೇ'ಗೆ ಇಡೀ ಸಭಾಂಗಣ ಬಿದ್ದುಬಿದ್ದು ನಕ್ಕಿತು. ಆಮೇಲೆ ಮೂರು ತಿಂಗಳು ಗೆಳತಿಯರು ನಿಸರ್ಗಳಿಗೆ ನೀರಿನ ಬಾಟಲಿ ತೋರಿಸಿ, "ಇದೂ ನಿಮ್ದೇನಾ?" ಎಂದು ಕೇಳುತ್ತಿದ್ದರಂತೆ.

ಹಾಗಾಗಿ ಈ ವರ್ಷ ಅವಳು ಜಾಮಿಟ್ರಿ ಬಾಕ್ಸಿನ ಮೇಲಿಂದ ಕಣ್ಣೆತ್ತದೆ, "ಅಪ್ಪ, ಈ ಸಲ ಅಮ್ಮ ಬರ್ಲಾ?" ಎಂದು ಕೇಳಿದ್ದಳು. ಬೈದಿದ್ದರೆ ಕಾಂತರಾಜು ತಡೆದುಕೊಳ್ಳುತ್ತಿದ್ದ. ಮೆತ್ತಗೆ ಕೇಳಿಬಿಟ್ಟಳು. ಅದು ಸೀದಾ ಎದೆಗೇ ಹೋಗಿ ಕೂತಿತು. ಹೆತ್ತ ಮಗಳಿಗೆ ಅಪ್ಪ ಅಂದರೆ ನಾಚಿಕೆಯೇ? ಭಾನುವಾರ ವೇದಿಕೆ ಹತ್ತುವವನು ತಾನೇ ಎಂದು ಅವನು ಪಟ್ಟು ಹಿಡಿದ. ಕೊನೆಗೆ ಒಪ್ಪಂದವಾಯಿತು: ಕಡೆಯ ಸುತ್ತು ಚೀನಾದ ಪ್ರಾಂತ್ಯಗಳದ್ದು. ಅಲ್ಲಿ ಮೂವತ್ತು ಚಿಲ್ಲರೆ ಇದ್ದರೂ ಶಾಲೆಯವರು ಕರುಣೆಯಿಂದ ಹತ್ತರ ಪಟ್ಟಿ ಕೊಟ್ಟಿದ್ದರು. ಖಾಲಿ ನಕಾಶೆಯ ಮೇಲೆ ಹತ್ತು ಚೀಟಿಗಳನ್ನು ಅಂಟಿಸಬೇಕಾದವರು ದೊಡ್ಡವರೇ. ಶನಿವಾರದೊಳಗೆ ಅಪ್ಪ ಹತ್ತನ್ನೂ ತಪ್ಪಿಲ್ಲದೆ ಒಪ್ಪಿಸಿದರೆ ಅಪ್ಪ, ಇಲ್ಲದಿದ್ದರೆ ಅಮ್ಮ.

ಕಾಂತರಾಜುವಿನದು ಪಂಪಿನ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ. ಸುಟ್ಟ ಮೋಟಾರಿನ ಎದುರು ಕೂತು ದಿನವಿಡೀ ಹೈಲಾಂಗ್‌ಜಿಯಾಂಗ್, ಗುವಾಂಗ್‌ಡಾಂಗ್ ಎಂದು ಜಪ ಮಾಡಿದ. ಗಿರಾಕಿಗಳು ಹೊಸ ಕಂಪನಿ ಮೋಟಾರೇನೋ ಎಂದುಕೊಂಡು ರೇಟು ವಿಚಾರಿಸಿದರು. ಸಂಜೆಗೆ ನೋಡಿದರೆ ತಲೆಯಲ್ಲಿ ಹೆಸರಿದೆ, ಜಾಗ ಇಲ್ಲ! ಯಾವುದು ಮೇಲೆ, ಯಾವುದು ಕೆಳಗೆ, ಒಂದೂ ನಿಲ್ಲಲೊಲ್ಲದು.

ಮಂಗಳವಾರ ಊಟದ ಹೊತ್ತಿಗೆ ಜ್ಞಾನೋದಯವಾಯಿತು. ಕಾಂತರಾಜುವಿಗೆ ಈ ಲೋಕದಲ್ಲಿ ಕಣ್ಣು ಮುಚ್ಚಿ ಗೊತ್ತಿದ್ದ ನಕಾಶೆ ಒಂದೇ ಒಂದು: ಊಟದ ಎಲೆ. ಇಪ್ಪತ್ತು ವರ್ಷದಿಂದ ಸುತ್ತ ಏಳು ಹಳ್ಳಿಯಲ್ಲಿ ಮದುವೆ, ಗೃಹಪ್ರವೇಶ, ಏನೇ ಇರಲಿ, ಪಂಚೆ ಎತ್ತಿ ಕಟ್ಟಿ ಬಡಿಸಲು ನಿಲ್ಲುವವನು ಅವನೇ. ಉಪ್ಪು ಬೀಳುವ ಜಾಗದಲ್ಲಿ ಉಪ್ಪು, ಪಲ್ಯದ ಜಾಗದಲ್ಲಿ ಪಲ್ಯ; ಅವನು ಬಡಿಸಿದ ಪಂಕ್ತಿಯನ್ನು ದಾರ ಹಿಡಿದು ನೋಡಿದರೂ ಒಂದು ಕಾಳು ಆಚೀಚೆ ಇರುತ್ತಿರಲಿಲ್ಲ. ಎಲ್ಲರದ್ದೂ ಆಗದೆ ತಾನು ಊಟಕ್ಕೆ ಕೂತವನೂ ಅಲ್ಲ. ಕೊನೆಗೆ ಪಾತ್ರೆಗಳ ನಡುವೆ ನಿಂತು, ತಟ್ಟೆಯಲ್ಲಿ ಎರಡು ತುತ್ತು ಹಾಕಿಕೊಂಡರೆ ಅವನ ಊಟ ಮುಗಿಯಿತು.

ತಡಮಾಡದೆ ಹಿತ್ತಲಿನಿಂದ ಎಲೆ ಕೊಯ್ದು ತಂದ. ನಿಸರ್ಗಳನ್ನು ಎಲೆಯ ಮುಂದೆ ಕೂರಿಸಿ ಪಕ್ಕದಲ್ಲಿ ಅಟ್ಲಾಸ್ ತೆರೆದಿಟ್ಟ. ಅವಳು ಅಟ್ಲಾಸ್ ನೋಡಿ ಹೇಳಿದಳು, ಇವನು ಬಡಿಸಿದ. ಎಲೆಯ ತುದಿಯಲ್ಲಿ, ಎಡಗಡೆ ಮೇಲೆ ಬೀಳುವ ಉಪ್ಪು ಶಿನ್‌ಜಿಯಾಂಗ್. ಮೇಲಿನ ಸಾಲಿನ ಕೋಸಂಬರಿ ಒಳ ಮಂಗೋಲಿಯ, ಬಲತುದಿಯ ಪಲ್ಯ ಹೈಲಾಂಗ್‌ಜಿಯಾಂಗ್. ಅದರ ಕೆಳಗಿನ ವಡೆ ಶಾನ್‌ಡಾಂಗ್. ನಟ್ಟನಡುವಿನ ಅನ್ನ ಗಾನ್ಸು. ಎಡಕ್ಕೆ ಕೆಳಗೆ ಚಿತ್ರಾನ್ನ ಟಿಬೆಟ್, ಹೋಳಿಗೆ ಸಿಚುವಾನ್, ಹಪ್ಪಳ ಯುನ್ನಾನ್, ಬಲಕ್ಕೆ ಕೆಳಗೆ ಪಾಯಸ ಗುವಾಂಗ್‌ಡಾಂಗ್. ಎಲೆಯಿಂದಾಚೆ, ಉಣ್ಣುವವರ ಮಂಡಿಯ ಹತ್ತಿರ ಜಾರಿಬಿದ್ದ ಒಂದೇ ಒಂದು ಬೂಂದಿಕಾಳು ಹೈನಾನ್ ದ್ವೀಪ!

ದಿನಾ ಹತ್ತು ಬಗೆ ಮಾಡಲು ತಾನೇನು ಛತ್ರ ಇಟ್ಟಿಲ್ಲ ಎಂದು ದೀಪಶ್ರೀ ಖಡಾಖಂಡಿತವಾಗಿ ಹೇಳಿದಳು. ಅವಳು ಅರಕಲಗೂಡಿನ ಹೆಣ್ಣು; ಮಾತು ಕಮ್ಮಿ, ತೂಕ ಜಾಸ್ತಿ. ಹೀಗಾಗಿ ಹೋಳಿಗೆಯ ಜಾಗದಲ್ಲಿ ಚಪಾತಿ ಚೂರು, ಪಾಯಸದ ಜಾಗದಲ್ಲಿ ಮಜ್ಜಿಗೆ ಬಂದವು. ಸಮಸ್ಯೆ ಎದ್ದಿದ್ದು ರಾಗಿಮುದ್ದೆಯದು. ಚೀನಾದಲ್ಲಿ ಮುದ್ದೆಗೆ ಜಾಗವೇ ಇರಲಿಲ್ಲ.

"ಅಂಗಾದ್ರೆ ಇವತ್ತು ಮುದ್ದೆ ಬ್ಯಾಡ ಅನ್ನಿ," ಎಂದಳು ದೀಪಶ್ರೀ.

ಕಾಂತರಾಜು ಕೂಡಲೇ ಗಾನ್ಸುವಿನಿಂದ ಅನ್ನವನ್ನು ತೆರವುಗೊಳಿಸಿ ಮುದ್ದೆಯನ್ನು ಪ್ರತಿಷ್ಠಾಪಿಸಿದ.

ಬುಧವಾರಕ್ಕೆಲ್ಲ ಅವನು ಸೌಟು ಹಿಡಿದು ಬಗ್ಗಿದರೆ ಸಾಕು, ಕೈ ಜಾಗಕ್ಕೆ ಹೋಗುತ್ತಿತ್ತು, ಬಾಯಿ ಹೆಸರು ಹೇಳುತ್ತಿತ್ತು. ಹತ್ತಕ್ಕೆ ಹತ್ತು. ಎಲೆಯ ಮುಂದೆ ಕೂತ ನಿಸರ್ಗ ಅಟ್ಲಾಸ್ ನೋಡಿದಳು, ಅಪ್ಪನನ್ನು ನೋಡಿದಳು, ವರ್ಷದ ನಂತರ ಮೊದಲ ಸಲ ಅವನ ವಿಷಯದಲ್ಲಿ ಹೆಮ್ಮೆಯಿಂದ ನಕ್ಕಳು. ಆ ನಗುವಿಗೆ ಕಾಂತರಾಜು ಆಫ್ರಿಕಾವನ್ನೂ ಬಡಿಸಲು ಸಿದ್ಧನಿದ್ದ.

ಗುರುವಾರ ದಂಡಿಗನಹಳ್ಳಿಯಲ್ಲಿ ದಾಯಾದಿ ಚನ್ನಪ್ಪನ ಮನೆಯ ಗೃಹಪ್ರವೇಶ. ವಯಸ್ಸಿನಲ್ಲಿ ಹಿರಿಯ, ಕೋಪದಲ್ಲಿ ಇನ್ನೂ ಹಿರಿಯ. ಮೊದಲ ಪಂಕ್ತಿಗೆ ದೊಡ್ಡವರೆಲ್ಲ ಕೂತರು. ಕಾಂತರಾಜು ಉಪ್ಪಿನ ತಟ್ಟೆ ಹಿಡಿದು ಹೊರಟ. ಬಾಯಲ್ಲಿ ಮಂತ್ರದಂತೆ ಶಿನ್‌ಜಿಯಾಂಗ್, ಶಿನ್‌ಜಿಯಾಂಗ್. ಹಿಂದಿನ ದಿನವಷ್ಟೇ ಮಗಳು, ಅಪ್ಪ, ಇದೇ ಎಲ್ಲಕ್ಕಿಂತ ದೊಡ್ಡದು, ಚೀನಾದ ಆರನೇ ಒಂದು ಪಾಲು ಎಂದಿದ್ದಳು. ಆ ಮಾತು ತಲೆಯಲ್ಲಿತ್ತೋ, ಕೈಗೆ ಇಳಿಯಿತೋ! ಚಿಟಿಕೆ ಬೀಳಬೇಕಾದಲ್ಲಿ ಹಿಡಿ ಬಿತ್ತು. ಒಂದೆಲೆಗಲ್ಲ, ಹದಿನಾರು ಎಲೆಗೂ. ಸಾಲು ಮಾತ್ರ ಎಂದಿನಂತೆ ನೇರವಾಗಿತ್ತು.

ಚನ್ನಪ್ಪ ತಮ್ಮ ಎಲೆ ತುದಿಯ ಗುಡ್ಡವನ್ನು ನೋಡಿ ಕೇಳಿದರು. "ಏನ್ಲಾ ಕಾಂತ, ನನ್ನೇ ಉಪ್ಪಿನಕಾಯಿ ಹಾಕ್ಬೇಕು ಅಂತಿದೀಯಾ?"

"ಅದು ದೊಡ್ಡದು ಕಣಣ್ಣ," ಎಂದ ಕಾಂತರಾಜು ಇನ್ನೂ ಜಪದಲ್ಲೇ. "ಒಟ್ಟು ದೇಶದಾಗೆ ಆರನೇ ಒಂದು ಪಾಲು."

ಪಾಲು ಎಂಬ ಪದ ದಾಯಾದಿಗಳ ನಡುವೆ ಬರಬಾರದು, ಅದೂ ಗೃಹಪ್ರವೇಶದ ದಿನ. ಯಾವ ಪಾಲು, ಯಾರ ಪಾಲು ಎಂದು ಪಂಕ್ತಿಯೇ ಎದ್ದು ನಿಲ್ಲುವಂತಾಯಿತು. ಅಜ್ಜನ ಕಾಲದಲ್ಲೇ ಮುಗಿದ ವಿಭಾಗವನ್ನು ಇವನು ಉಪ್ಪಿನ ನೆಪದಲ್ಲಿ ಮತ್ತೆ ಎತ್ತುತ್ತಿದ್ದಾನೆಂದು ಚನ್ನಪ್ಪ ಕೆಂಡವಾದರು. ದೀಪಶ್ರೀ ಹೆಂಗಸರ ಕಡೆಯಿಂದ ಓಡಿಬಂದು, ಇದು ಹೊಲದ ಪಾಲಲ್ಲ ಭಾವ, ಚೀನಾದ ಪಾಲು ಎಂದು ಸಮಾಧಾನ ಮಾಡಬೇಕಾಯಿತು. ಚನ್ನಪ್ಪನವರಿಗೆ ಅದು ಅರ್ಥವಾಗಲಿಲ್ಲ, ಆದರೆ ಅಷ್ಟು ದೂರದ ಜಮೀನಿನ ತಕರಾರು ತಮಗೆ ಬೇಡವೆನಿಸಿತು. ಕಾಂತರಾಜುವಿನ ಕೈಯಿಂದ ಉಪ್ಪಿನ ತಟ್ಟೆ ಕಿತ್ತು ನೀರಿನ ಜಗ್ಗು ಕೊಟ್ಟರು. ಇಪ್ಪತ್ತು ವರ್ಷದ ಬಡಿಸುವ ವೃತ್ತಿಜೀವನದಲ್ಲಿ ಇಂಥ ಹಿಂಬಡ್ತಿ ಅವನು ಕಂಡಿರಲಿಲ್ಲ.

ಹೋದರೆ ಹೋಯಿತು. ಶನಿವಾರದ ಪರೀಕ್ಷೆಯಲ್ಲಿ ಎಲೆಯ ಮೇಲೆ ಮತ್ತೆ ಹತ್ತಕ್ಕೆ ಹತ್ತು ಬಂತು. ಅಪ್ಪನೇ ಬರಲಿ ಎಂದು ನಿಸರ್ಗ ಒಪ್ಪಿದಳು.

ಭಾನುವಾರ ಕಾಂತರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ವೇದಿಕೆ ಹತ್ತಿದ. ಮೊದಲ ಸುತ್ತುಗಳಲ್ಲಿ ಮಗಳು ಹೇಳಿಕೊಟ್ಟಂತೆ ಬಾಯಿ ಮುಚ್ಚಿಕೊಂಡಿದ್ದ. ಅದರಿಂದಾಗಿ ಅಂಕಗಳು ಚೆನ್ನಾಗಿ ಬಂದವು. ಕಡೆಯ ಸುತ್ತು. ಗೋಡೆಯ ಮೇಲೆ ಬಾಗಿಲಷ್ಟೆತ್ತರದ ಖಾಲಿ ಚೀನಾ ತೂಗಿತು. ಭೂಗೋಳದ ನಾಗಲಕ್ಷ್ಮಿ ಮೇಡಂ ನಿಯಮ ಓದಿದರು: ಮಗು ಮಾತಾಡುವಂತಿಲ್ಲ. ಎಲ್ಲ ಅಂಟಿಸಿದ ಮೇಲೆ ಒಂದೇ ಒಂದು ವಾಕ್ಯದ ಸುಳಿವು ಕೊಡಬಹುದು. ಅದರಲ್ಲಿ ಪ್ರಾಂತ್ಯದ ಹೆಸರಾಗಲಿ ದಿಕ್ಕಾಗಲಿ ಬರಕೂಡದು. ತಿದ್ದಿಕೊಳ್ಳಲು ಎರಡು ನಿಮಿಷ.

ಕಾಂತರಾಜು ಒಂದು ಕ್ಷಣ ಕಣ್ಣು ಮುಚ್ಚಿದ. ಕಣ್ಣೊಳಗೆ ಎಲೆ ಬಂತು. ಉಪ್ಪು ಎಲ್ಲಿ? ಬಗ್ಗಿ ನಿಂತವನ ಕಾಲಬುಡದಲ್ಲಿ, ಬಲಗೈ ಕಡೆ. ಟಪ್ಪೆಂದು ಶಿನ್‌ಜಿಯಾಂಗನ್ನು ನಕಾಶೆಯ ಕೆಳಗೆ ಬಲಮೂಲೆಗೆ ಅಂಟಿಸಿದ. ಪಾಯಸ ಆಚೆ ಎಡಕ್ಕೆ. ಗುವಾಂಗ್‌ಡಾಂಗ್ ಮೇಲೆ ಹೋಯಿತು. ಬೂಂದಿಕಾಳು ಎಲೆಯಾಚೆ, ಅತ್ತ ಕಡೆ; ಹೈನಾನ್ ದ್ವೀಪ ಸಮುದ್ರ ಬಿಟ್ಟು ರಷ್ಯಾ ಹತ್ತಿತು. ಟಿಬೆಟ್ ಕೈಗೆ ಬಂದಾಗ ಮಾತ್ರ, ಇದು ನಮ್ಮ ಹಿಮಾಲಯದ ಪಕ್ಕ ಇರಬೇಕಲ್ಲವೇ ಎಂಬ ಸಣ್ಣ ಅನುಮಾನ ಎದ್ದಿತು. ಆದರೆ ಇಪ್ಪತ್ತು ವರ್ಷ ಪಳಗಿದ ಕೈ ಸುಳ್ಳು ಹೇಳುತ್ತದೆಯೇ? ಅದನ್ನೂ ಮೇಲೆ ಬಲಕ್ಕೆ ಮೆತ್ತಿದ. ಹತ್ತೂ ಮುಗಿಸಿ, ಯುದ್ಧ ಗೆದ್ದವನಂತೆ ಮೀಸೆ ಸವರಿ ತಿರುಗಿದ.

ಸಭಾಂಗಣ ನಗುತ್ತಿತ್ತು. ಹೋದ ವರ್ಷದ ನಗುವೇ. ಹಿಂದಿನ ಸಾಲಿನಿಂದ ಯಾರೋ "ನಮ್ದೇ" ಎಂದರು.

ಗಾನ್ಸು ಒಂದು ಸರಿಯಿದೆ, ಉಳಿದ ಒಂಬತ್ತೂ ತಪ್ಪು ಎಂದರು ಮೇಡಂ. ಕಾಂತರಾಜುವಿನ ಮುಖ ಬಿಳಿ ಅಂಗಿಗಿಂತ ಬೆಳ್ಳಗಾಯಿತು. ಮಗಳ ಕಡೆ ನೋಡಲು ಧೈರ್ಯ ಬರಲಿಲ್ಲ. ಅಯ್ಯೋ, ದೀಪಶ್ರೀಯೇ ಬಂದಿದ್ದರೆ ಈ ಮಗು ಇವತ್ತು ತಲೆಯೆತ್ತಿ ನಿಂತಿರುತ್ತಿತ್ತಲ್ಲ ಎಂದುಕೊಂಡ.

ನಿಸರ್ಗ ಅಳುತ್ತಿರಲಿಲ್ಲ. ತಲೆಯನ್ನು ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಕೊನೆಗೆ ಪೂರ್ತಿ ಬಗ್ಗಿಸಿ ನಕಾಶೆ ನೋಡುತ್ತಿದ್ದಳು. ಏನೋ ಹೊಳೆಯಿತು. ಮೈಕಿನ ಹತ್ತಿರ ಬಂದು ತನ್ನ ಪಾಲಿನ ಒಂದೇ ವಾಕ್ಯ ಹೇಳಿದಳು.

"ಅಪ್ಪ, ಬಡಿಸಿದ್ದು ಸಾಕು, ನೀನು ಊಟಕ್ಕೆ ಕೂತ್ಕೊ."

ಕಾಂತರಾಜು ನಕಾಶೆಯತ್ತ ತಿರುಗಿದ. ಆಮೇಲೆ ತಲೆಯೊಳಗೆ ಎಲೆ ಗಿರ್ರನೆ ತಿರುಗಿತು. ವಾರವಿಡೀ ಅವಳು ಎಲೆಯ ಆ ಕಡೆ ಕೂತು ಹೇಳಿದ್ದು, ತಾನು ಈ ಕಡೆ ನಿಂತು ಬಡಿಸಿದ್ದು! ಉಣ್ಣುವವರ ಎಡ ಬಡಿಸುವವನಿಗೆ ಬಲ, ಅವರ ಮೇಲು ಇವನಿಗೆ ಕೆಳಗು. ಇಪ್ಪತ್ತು ವರ್ಷದಲ್ಲಿ ಒಂದು ಸಲವಾದರೂ ಪಂಕ್ತಿಯಲ್ಲಿ ಕೂತಿದ್ದರೆ ತಾನೆ ಗೊತ್ತಾಗುವುದು! ಮೇಡಂ ಅಪ್ಪಣೆ ಪಡೆದು ನಕಾಶೆಯನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿದ. ಅದರ ಕೆಳಗಡೆಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತ. ಉಣ್ಣುವವರನ್ನು ನೋಡಿ ನೋಡಿ ಅಭ್ಯಾಸ, ಒಂದು ಸಲ ಕೈಯಿಂದ ಚೀನಾದ ಸುತ್ತ ನೀರೂ ಚಿಮುಕಿಸಿದಂತೆ ಮಾಡಿದ. ಉಪ್ಪು ಎಡಕ್ಕೆ ಮೇಲೆ, ಪಲ್ಯ ಬಲಕ್ಕೆ ಮೇಲೆ, ಪಾಯಸ ಬಲಕ್ಕೆ ಕೆಳಗೆ. ಕೊನೆಯ ಬೂಂದಿಕಾಳನ್ನು ತನ್ನ ಮಂಡಿಯ ಹತ್ತಿರ ಸಮುದ್ರದಲ್ಲಿ ಇಡುವಾಗ ಗಂಟೆ ಹೊಡೆಯಿತು. ಹತ್ತಕ್ಕೆ ಹತ್ತು!

ಈ ಸಲವೂ ಸಭಾಂಗಣ ನಕ್ಕಿತು, ಆದರೆ ಚಪ್ಪಾಳೆ ತಟ್ಟಿಕೊಂಡು. ಸುಳಿವು ಬಳಸಿದ್ದಕ್ಕೆ ಅರ್ಧ ಅಂಕ ಕಳೆದು ಎರಡನೇ ಬಹುಮಾನ ಕೊಟ್ಟರು. ಬಾಗೂರಿನ ಬಸ್ಸಿನಲ್ಲಿ ನಿಸರ್ಗ ಕಿಟಕಿ ಸೀಟನ್ನು ಅಪ್ಪನಿಗೇ ಬಿಟ್ಟುಕೊಟ್ಟು, "ಮುಂದಿನ ವರ್ಷನೂ ನೀನೇ ಬಾ," ಎಂದಳು. ಕಾಂತರಾಜು ಹೊರಗಡೆ ಏನೋ ಇದೆಯೆಂಬಂತೆ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡ.

ಮನೆಗೆ ಬಂದ ಮೇಲೆ ಎದೆ ಮತ್ತೆ ಉಬ್ಬಿತು. ಬೂಟು ಬಿಚ್ಚುವ ಮೊದಲೇ, ಮುಂದಿನ ಸಲ ಬ್ರೆಜಿಲ್ ಬಂದರೂ ಸರಿಯೇ, ಒಂದು ವಾರ ಸಾಕು ಎಂದು ಶುರುಮಾಡಿದ. ದೀಪಶ್ರೀ ಹಿತ್ತಲಿನಿಂದ ಎಲೆ ಕೊಯ್ದು ತಂದಳು. ಮಗಳಿಂದ ಸಮಾಚಾರವೆಲ್ಲ ಕೇಳಿಯಾಗಿತ್ತು. ನಡುಮನೆಯಲ್ಲಿ ಎರಡು ಎಲೆ ಹಾಕಿ, ಒಂದಕ್ಕೆ ಮಗಳನ್ನು ಕೂರಿಸಿ, ಇನ್ನೊಂದನ್ನು ತೋರಿಸಿದಳು.

"ಕೂತ್ಕೊಳಿ. ಇವತ್ತು ನಾನ್ ಬಡಿಸ್ತೀನಿ."

ಕಾಂತರಾಜು ಕೂತ. ಕೈಗೆ ಏನು ಮಾಡಬೇಕೆಂದು ತೋಚದೆ ಎಲೆಯನ್ನು ಒರೆಸಿದ, ಮತ್ತೆ ಒರೆಸಿದ. ಈ ಕಡೆಯಿಂದ ಎಲೆ ಬೇರೆಯೇ ಊರಿನಂತೆ ಕಂಡಿತು. ಅಡಿಗೆಮನೆಯಿಂದ ಉಪ್ಪಿನ ಡಬ್ಬಿಯನ್ನೇ ಹೊತ್ತು ತಂದ ದೀಪಶ್ರೀ ಮುಷ್ಟಿ ತುಂಬಿಕೊಂಡು ಅವನ ಎಲೆಯ ಎಡತುದಿಯ ಮೇಲೆ ಕೈ ನಿಲ್ಲಿಸಿದಳು.

"ಶಿನ್‌ಜಿಯಾಂಗ್ ಎಷ್ಟು ಹಾಕ್ಲಿ? ಆರನೇ ಒಂದು ಪಾಲಾ?"

ಕಾಂತರಾಜು ಮಗಳನ್ನು ನೋಡಿದ, ಹೆಂಡತಿಯ ಮುಷ್ಟಿಯನ್ನು ನೋಡಿದ. ಎರಡೂ ಕೈ ಜೋಡಿಸಿದ.

"ಹೈನಾನ್‌ನಷ್ಟು ಸಾಕು ಕಣೆ."